ಸೋತ ಅಧ್ಯಕ್ಷ, ಸೋಲದ ಪ್ರತಿನಿಧಿ

೧೮೩೧ನೆಯ ಇಸವಿಯ ಡಿಸೆಂಬರ್ ತಿಂಗಳು. ವಾಷಿಂಗ್ಟನ್ ನಗರದ ಕ್ಯಾಪಿಟಲ್ ಭವನದಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಹೊಸದಾಗಿ ಸೇರಿತ್ತು. ನಾನಾ ಸಂಸ್ಥಾನಗಳಿಂದ ಆರಿಸಿ ಬಂದ ಹೊಸ ಸದಸ್ಯರ ನಡುವೆ ಅರವತ್ತನಾಲ್ಕು ವರ್ಷದ ವೃದ್ಧನೊಬ್ಬನಿದ್ದನು. ಕುಳ್ಳು ದೇಹ, ಬೋಳು ತಲೆ, ಬಿಗಿದ ತುಟಿ, ನೀರೊಸರುವ ಕಣ್ಣು. ಹೊಸಬರೆಲ್ಲರಂತೆ ಆತನೂ ಪ್ರಮಾಣವಚನ ಸ್ವೀಕರಿಸಿ ತನ್ನ ಸ್ಥಾನದಲ್ಲಿ ಹೋಗಿ ಕುಳಿತನು. ಆದರೆ ಸಭೆಯ ಕಣ್ಣೆಲ್ಲ ಆತನ ಮೇಲೆಯೇ ಇತ್ತು. ಏಕೆಂದರೆ ಮೂರು ವರ್ಷಗಳ ಹಿಂದೆ ಆತ ಆ ದೇಶದ ಅಧ್ಯಕ್ಷನಾಗಿದ್ದನು!

ಅರಮನೆಯಲ್ಲಿ ಅರಸಾಗಿದ್ದವನು ಮರಳಿ ಬಂದು ಊರ ಪಂಚಾಯಿತಿಯ ಜಗಲಿಯಲ್ಲಿ ಕುಳಿತರೆ ನೋಡುವವರಿಗೆ ಹೇಗನ್ನಿಸೀತು? ಕೆಲವರು ಮರುಗಿದರು, ಕೆಲವರು ನಕ್ಕರು. ಚುನಾವಣೆಗೆ ಮೊದಲೇ, ಇದು ಆತನ ಗೌರವಕ್ಕೆ ಕುಂದಲ್ಲವೆ ಎಂದು ಸಂಶಯಪಟ್ಟವರಿದ್ದರು. ಜನರು ಆರಿಸಿ ಕಳಿಸಿದರೆ ಊರಿನ ಪಂಚನಾಗಿ ದುಡಿಯುವುದೂ ಯಾರಿಗೂ ಅವಮಾನವಲ್ಲ ಎಂದು ಆತ ಉತ್ತರ ಕೊಟ್ಟಿದ್ದನು. ಅಧ್ಯಕ್ಷ ಪದವಿಯಿಂದ ಇಳಿದ ಬಳಿಕ ಪ್ರತಿನಿಧಿ ಸಭೆಯಲ್ಲಿ ಕುಳಿತವನು ಅಮೆರಿಕದ ಚರಿತ್ರೆಯಲ್ಲಿ ಆತನೊಬ್ಬನೇ.

ಆತನ ಹೆಸರು ಜಾನ್ ಕ್ವಿನ್ಸಿ ಆಡಮ್ಸ್. ಅಮೆರಿಕದ ಆರನೆಯ ಅಧ್ಯಕ್ಷ. ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸನ ಹಿರಿಯ ಮಗ. ಪದವಿಯಲ್ಲಿದ್ದ ನಾಲ್ಕು ವರ್ಷಗಳಲ್ಲಿ ಆತ ಸಾಧಿಸಿದ್ದು ಸ್ವಲ್ಪ. ಪದವಿಯಿಂದ ಇಳಿದ ಮೇಲೆ ಬದುಕಿದ ಹತ್ತೊಂಬತ್ತು ವರ್ಷಗಳಲ್ಲಿ ಆತ ಗಳಿಸಿದ ಹಿರಿಮೆ ಅಪಾರ. ಆ ಹಿರಿಮೆಗೆ ಕಾರಣವಾದದ್ದು ಯಾವ ಯುದ್ಧವೂ ಅಲ್ಲ, ಯಾವ ಸಿಂಹಾಸನವೂ ಅಲ್ಲ. ಬಡಬಗ್ಗರು, ಹೆಂಗಸರು, ಹೆಸರಿಲ್ಲದ ಹಳ್ಳಿಗರು ರುಜು ಹಾಕಿ ಕಳಿಸಿದ ಅರ್ಜಿಯ ಕಾಗದಗಳು.

ಗುಡ್ಡದ ಮೇಲಿನ ಬಾಲಕ

ಜಾನ್ ಕ್ವಿನ್ಸಿ ಹುಟ್ಟಿದ್ದು ೧೭೬೭ನೆಯ ಜುಲೈ ೧೧ರಂದು, ಮೆಸಾಚುಸೆಟ್ಸ್ ಪ್ರಾಂತದ ಬ್ರೈನ್‌ಟ್ರೀ ಎಂಬ ಊರಿನಲ್ಲಿ. ಆಗ ಅಮೆರಿಕ ಇಂಗ್ಲೆಂಡಿನ ವಸಾಹತು. ತಂದೆ ವಕೀಲ, ತಾಯಿ ಅಬಿಗೇಲ್ ಓದಿನಲ್ಲಿಯೂ ಧೈರ್ಯದಲ್ಲಿಯೂ ಯಾವ ಗಂಡಸಿಗೂ ಕಡಮೆಯಲ್ಲದ ಹೆಂಗಸು. ಮಗುವಿಗೆ ತಾಯಿಯ ಕಡೆಯ ಮುತ್ತಜ್ಜನ ಹೆಸರನ್ನಿಟ್ಟರು. ಆ ಮುದುಕ ಆಗ ಮರಣಶಯ್ಯೆಯಲ್ಲಿದ್ದನು. ಮಗು ಹುಟ್ಟಿದ ಎರಡು ದಿನಕ್ಕೆ ತೀರಿಕೊಂಡನು.

ಹುಡುಗನಿಗೆ ಎಂಟು ವರ್ಷ ತುಂಬುವುದರೊಳಗೆ ಸ್ವಾತಂತ್ರ್ಯ ಸಂಗ್ರಾಮದ ಕಿಡಿ ಹೊತ್ತಿತು. ತಂದೆ ದೂರದ ಫಿಲಡೆಲ್ಫಿಯದಲ್ಲಿ ವಸಾಹತುಗಳ ಮಹಾಸಭೆಯಲ್ಲಿದ್ದನು. ೧೭೭೫ನೆಯ ಜೂನ್ ೧೭ರಂದು ಅಬಿಗೇಲ್ ಮಗನ ಕೈ ಹಿಡಿದು ಮನೆಯ ಹತ್ತಿರದ ಗುಡ್ಡವನ್ನೇರಿದಳು. ಅಲ್ಲಿಂದ ದೂರದಲ್ಲಿ ಬಂಕರ್ ಹಿಲ್ ಕಾಳಗದ ತೋಪಿನ ಸದ್ದು ಕೇಳುತ್ತಿತ್ತು. ಚಾರ್ಲ್ಸ್‌ಟೌನ್ ಪಟ್ಟಣ ಹೊತ್ತಿ ಉರಿಯುವುದು ಕಾಣುತ್ತಿತ್ತು. ಆ ದಿನ ರಣರಂಗದಲ್ಲಿ ಮಡಿದವರಲ್ಲಿ ವೈದ್ಯ ಜೋಸೆಫ್ ವಾರೆನ್ ಒಬ್ಬನು. ಹುಡುಗನ ಬೆರಳು ಮುರಿದಾಗ ಅದನ್ನು ಕತ್ತರಿಸದೆ ಉಳಿಸಿಕೊಟ್ಟಿದ್ದವನು ಅವನೇ. ತಾನು ಬರೆಯಲು ಬಳಸುವ ಬೆರಳನ್ನು ಕಾಪಾಡಿದವನು ದೇಶಕ್ಕಾಗಿ ಸತ್ತನೆಂಬ ನೆನಪು ಆಡಮ್ಸನನ್ನು ಮುಪ್ಪಿನವರೆಗೂ ಬಿಡಲಿಲ್ಲ.

ಆ ಬೆರಳು ಬರೆದದ್ದೂ ಅಷ್ಟಿಷ್ಟಲ್ಲ. ೧೭೭೯ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ತಂದೆಯೊಡನೆ ಎರಡನೆಯ ಸಲ ಯೂರೋಪಿಗೆ ಹೊರಟಾಗ ಆತ ದಿನಚರಿ ಬರೆಯಲಾರಂಭಿಸಿದನು. ಅಂದು ಹಿಡಿದ ಲೇಖನಿಯನ್ನು ಸಾಯುವವರೆಗೂ ಕೆಳಗಿಡಲಿಲ್ಲ. ಐವತ್ತೊಂದು ಸಂಪುಟಗಳಲ್ಲಿ ಹದಿನಾಲ್ಕು ಸಾವಿರ ಪುಟಗಳಿಗೂ ಮೀರಿದ ಆ ಬರಹ ಇಂದಿಗೂ ಮೆಸಾಚುಸೆಟ್ಸಿನ ಇತಿಹಾಸ ಸಂಘದಲ್ಲಿದೆ. ಲೋಕದ ಮುಂದೆ ಕಲ್ಲಿನಂತೆ ನಿಂತ ಮನುಷ್ಯ ಒಳಗೆ ಎಷ್ಟು ನೊಂದನು, ತನ್ನನ್ನು ತಾನು ಎಷ್ಟು ಹಳಿದುಕೊಂಡನು ಎಂಬುದಕ್ಕೆ ಅದೇ ಸಾಕ್ಷಿ.

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುತ್ತದೆ ಎಂಬ ಮಾತು ಈತನ ಮಟ್ಟಿಗೆ ಅಕ್ಷರಶಃ ನಿಜ. ಹದಿನಾಲ್ಕನೆಯ ವಯಸ್ಸಿನಲ್ಲಿ ರಷ್ಯಕ್ಕೆ ಹೊರಟ ಅಮೆರಿಕದ ದೂತ ಫ್ರಾನ್ಸಿಸ್ ಡೇನನಿಗೆ ಈತ ಕಾರ್ಯದರ್ಶಿ ಹಾಗೂ ಫ್ರೆಂಚ್ ದುಭಾಷಿ! ಸ್ವದೇಶಕ್ಕೆ ಮರಳಿ ೧೭೮೭ರಲ್ಲಿ ಹಾರ್ವರ್ಡ್ ಕಾಲೇಜಿನಿಂದ ಪದವೀಧರನಾಗಿ, ವಕೀಲಿ ಕಲಿತನು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅಧ್ಯಕ್ಷ ವಾಷಿಂಗ್ಟನ್ ಈತನನ್ನು ಹಾಲೆಂಡಿಗೆ ರಾಜಪ್ರತಿನಿಧಿಯಾಗಿ ನೇಮಿಸಿದನು. ೧೭೯೭ರಲ್ಲಿ ಲಂಡನ್ನಿನಲ್ಲಿ ಲೂಯಿಸಾ ಜಾನ್ಸನಳನ್ನು ಮದುವೆಯಾದನು. ಮುಂದೆ ಪ್ರಷ್ಯ, ರಷ್ಯ, ಇಂಗ್ಲೆಂಡುಗಳಲ್ಲಿಯೂ ಸ್ವದೇಶದ ಪ್ರತಿನಿಧಿಯಾಗಿದ್ದನು. ೧೮೧೪ರ ಡಿಸೆಂಬರ್ ೨೪ರಂದು ಇಂಗ್ಲೆಂಡಿಗೂ ಅಮೆರಿಕಕ್ಕೂ ನಡೆದ ಎರಡನೆಯ ಯುದ್ಧವನ್ನು ನಿಲ್ಲಿಸಿದ ಘೆಂಟ್ ಒಪ್ಪಂದಕ್ಕೆ ಅಮೆರಿಕದ ನಿಯೋಗದ ಮುಖ್ಯಸ್ಥನಾಗಿ ರುಜು ಹಾಕಿದವನು ಈತನೇ.

ಇದರ ನಡುವೆ ನಡೆದ ಒಂದು ಪ್ರಸಂಗ ಆತನ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ೧೮೦೩ರಲ್ಲಿ ಆತ ಮೆಸಾಚುಸೆಟ್ಸಿನಿಂದ ಸೆನೆಟ್ಟಿಗೆ ಆಯ್ಕೆಯಾಗಿದ್ದನು. ೧೮೦೭ರಲ್ಲಿ ಅಧ್ಯಕ್ಷ ಜೆಫರ್ಸನ್ ಪರದೇಶಗಳೊಡನೆ ಹಡಗಿನ ವ್ಯಾಪಾರವನ್ನೇ ನಿಲ್ಲಿಸುವ ಕಾನೂನು ತಂದನು. ಜೆಫರ್ಸನ್ ಎದುರು ಪಕ್ಷದವನು; ಕಾನೂನಿನಿಂದ ಬಾಸ್ಟನ್ನಿನ ವರ್ತಕರ ಹೊಟ್ಟೆಯ ಮೇಲೆ ಹೊಡೆತ. ಆದರೂ ದೇಶದ ಮಾನಕ್ಕೆ ಅದು ಅಗತ್ಯವೆಂದು ತೋರಿದ್ದರಿಂದ ಆಡಮ್ಸ್ ಅದರ ಪರವಾಗಿ ಮತ ಹಾಕಿದನು. ಸ್ವಂತ ಪಕ್ಷ ಸಿಡಿದೆದ್ದಿತು. ಅವಧಿ ಮುಗಿಯುವ ಮೊದಲೇ ಆತನ ಸ್ಥಾನಕ್ಕೆ ಬೇರೊಬ್ಬನನ್ನು ಆರಿಸಿತು. ಆಡಮ್ಸ್ ಮಾತನಾಡದೆ ರಾಜೀನಾಮೆ ಕೊಟ್ಟು ಹೊರಬಂದನು.

ಮುಳ್ಳಿನ ಪೀಠ

೧೮೧೭ರಿಂದ ೧೮೨೫ರವರೆಗೆ ಅಧ್ಯಕ್ಷ ಮನ್ರೋವಿನ ಮಂತ್ರಿಮಂಡಲದಲ್ಲಿ ಆಡಮ್ಸ್ ವಿದೇಶಾಂಗ ಮಂತ್ರಿ. ಸ್ಪೇನಿನಿಂದ ಫ್ಲಾರಿಡ ಪ್ರಾಂತ ಅಮೆರಿಕಕ್ಕೆ ಬಂದದ್ದು ಈತ ೧೮೧೯ರಲ್ಲಿ ಮಾಡಿಕೊಂಡ ಒಪ್ಪಂದದಿಂದ. ಅಮೆರಿಕ ಖಂಡಗಳಲ್ಲಿ ಯೂರೋಪಿನ ದೊರೆಗಳು ಇನ್ನು ಹೊಸ ವಸಾಹತುಗಳನ್ನು ಹೂಡಕೂಡದೆಂದು ೧೮೨೩ರಲ್ಲಿ ಸಾರಿದ ‘ಮನ್ರೋ ಸಿದ್ಧಾಂತ’ಕ್ಕೆ ಹೆಸರು ಅಧ್ಯಕ್ಷನದಾದರೂ ಅದರ ಹಿಂದಿನ ಬುದ್ಧಿ ಬಹುಮಟ್ಟಿಗೆ ಆಡಮ್ಸನದು.

೧೮೨೪ರಲ್ಲಿ ಅಧ್ಯಕ್ಷ ಪದವಿಗೆ ನಾಲ್ವರು ಸ್ಪರ್ಧಿಸಿದರು. ದಂಡನಾಯಕ ಆಂಡ್ರ್ಯೂ ಜಾಕ್ಸನನಿಗೆ ೯೯ ಚುನಾಯಕ ಮತಗಳು, ಆಡಮ್ಸನಿಗೆ ೮೪, ಕ್ರಾಫರ್ಡನಿಗೆ ೪೧, ಹೆನ್ರಿ ಕ್ಲೇಗೆ ೩೭. ಯಾರಿಗೂ ಬಹುಮತ ಬಾರದಿದ್ದುದರಿಂದ ಸಂವಿಧಾನದಂತೆ ಆಯ್ಕೆ ಪ್ರತಿನಿಧಿ ಸಭೆಯ ಪಾಲಿಗೆ ಬಂದಿತು. ಅಲ್ಲಿ ಕ್ಲೇ ತನ್ನ ಬಲವನ್ನು ಆಡಮ್ಸನ ಕಡೆಗೆ ತಿರುಗಿಸಿದನು. ೧೮೨೫ನೆಯ ಫೆಬ್ರವರಿ ೯ರಂದು ೨೪ ಸಂಸ್ಥಾನಗಳಲ್ಲಿ ೧೩ರ ಮತ ಪಡೆದು ಆಡಮ್ಸ್ ಅಧ್ಯಕ್ಷನಾದನು. ಮುಂದಿನ ಹೆಜ್ಜೆಯಲ್ಲಿಯೇ ಎಡವಿದನು. ಕ್ಲೇಯನ್ನೇ ತನ್ನ ವಿದೇಶಾಂಗ ಮಂತ್ರಿಯನ್ನಾಗಿ ಮಾಡಿದನು. ‘ಇದು ಕೊಳಕು ವ್ಯಾಪಾರ’ ಎಂಬ ಕೂಗು ದೇಶದಲ್ಲೆಲ್ಲ ಎದ್ದಿತು. ಅಂಥ ಒಪ್ಪಂದ ನಡೆಯಿತೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಆದರೆ ಜನರ ಮನಸ್ಸಿಗೆ ಹತ್ತಿದ ಮಸಿ ಅಳಿಸಲಿಲ್ಲ.

ಆತನ ಕನಸುಗಳು ದೊಡ್ಡವು. ರಾಷ್ಟ್ರೀಯ ವಿಶ್ವವಿದ್ಯಾನಿಲಯ ಬೇಕು, ರಸ್ತೆ ಕಾಲುವೆಗಳು ಬೇಕು, ನಕ್ಷತ್ರಗಳನ್ನು ನೋಡಲು ವೇಧಶಾಲೆ ಬೇಕು ಎಂದು ಮೊದಲನೆಯ ವರ್ಷವೇ ಕಾಂಗ್ರೆಸ್ಸಿಗೆ ಬರೆದನು. ವೇಧಶಾಲೆಗಳನ್ನು ಆಕಾಶದ ದೀಪಸ್ತಂಭಗಳಿಗೆ ಹೋಲಿಸಿದ ಆತನ ಮಾತನ್ನು ಹಿಡಿದುಕೊಂಡು ವಿರೋಧಿಗಳು ವರ್ಷಗಟ್ಟಲೆ ನಕ್ಕರು. ರಾಜಕೀಯ ಕಾರಣಕ್ಕಾಗಿ ಸರಕಾರಿ ನೌಕರರನ್ನು ತೆಗೆಯಲು ಆತ ಒಪ್ಪಲಿಲ್ಲ. ತನ್ನ ಶತ್ರುಗಳ ಪರವಾಗಿ ದುಡಿಯುತ್ತಿದ್ದ ಅಂಚೆ ಇಲಾಖೆಯ ಮುಖ್ಯಸ್ಥನನ್ನೂ ಹಾಗೆಯೇ ಉಳಿಸಿಕೊಂಡನು. ನಗುನಗುತ್ತ ಕೈಕುಲುಕುವುದು, ಬೆನ್ನು ತಟ್ಟುವುದು ಆತನಿಗೆ ಬಾರದ ವಿದ್ಯೆ. ಮುಂಜಾನೆ ನಸುಕಿನಲ್ಲಿ ಒಬ್ಬನೇ ನಡೆಯುವುದು, ಪೊಟೋಮ್ಯಾಕ್ ನದಿಯಲ್ಲಿ ಈಜುವುದು, ಬೈಬಲ್ಲನ್ನು ಓದುವುದು, ದಿನಚರಿ ಬರೆಯುವುದು, ಇವೇ ಆತನ ಸುಖಗಳು.

೧೮೨೬ನೆಯ ಜುಲೈ ೪, ಸ್ವಾತಂತ್ರ್ಯ ಘೋಷಣೆಯ ಐವತ್ತನೆಯ ವರ್ಷದ ಹಬ್ಬದ ದಿನವೇ ಆತನ ವೃದ್ಧ ತಂದೆ ತೀರಿಕೊಂಡನು. ಅದೇ ದಿನ ಜೆಫರ್ಸನನೂ ಕಣ್ಣು ಮುಚ್ಚಿದನು. ೧೮೨೮ರ ಚುನಾವಣೆಯಲ್ಲಿ ಜಾಕ್ಸನನಿಗೆ ೧೭೮ ಮತ, ಆಡಮ್ಸನಿಗೆ ೮೩. ಗೆದ್ದವನ ಪದಗ್ರಹಣಕ್ಕೆ ಹೋಗಲೂ ಆತನಿಗೆ ಮನಸ್ಸಾಗಲಿಲ್ಲ. ಗಾಯದ ಮೇಲೆ ಬರೆ ಎಳೆದಂತೆ ೧೮೨೯ರ ಏಪ್ರಿಲ್ ತಿಂಗಳ ಕೊನೆಯ ದಿನ ಹಿರಿಯ ಮಗ ಜಾರ್ಜ್ ಉಗಿಹಡಗಿನಿಂದ ಕಡಲಿಗೆ ಬಿದ್ದು ಸತ್ತನು. ಆತನಿಗೆ ಇಪ್ಪತ್ತೆಂಟು ವರ್ಷ. ಮನಸ್ಸು ಕದಡಿದ್ದ ಆ ತರುಣ ತಾನಾಗಿಯೇ ಹಾರಿದನೆಂದು ಹಲವರ ಅಭಿಪ್ರಾಯ. ಐದು ವರ್ಷಗಳ ಮೇಲೆ ಎರಡನೆಯ ಮಗನೂ ತೀರಿಕೊಂಡನು.

ಪದವಿ ಹೋಯಿತು, ಮಗ ಹೋದನು, ಜನರ ಮೆಚ್ಚಿಗೆ ಮೊದಲೇ ಇರಲಿಲ್ಲ. ವಾನಪ್ರಸ್ಥಕ್ಕೆ ಇದಕ್ಕಿಂತ ತಕ್ಕ ಸಮಯ ಬೇರೆ ಯಾವುದು? ೧೮೩೦ರಲ್ಲಿ ಊರಿನವರು ಬಂದು, ಪ್ರತಿನಿಧಿ ಸಭೆಗೆ ನಿಲ್ಲುವಿರಾ ಎಂದು ಕೇಳಿದರು. ಮತ ಯಾಚಿಸಲು ಆತ ಮನೆಯ ಹೊಸ್ತಿಲು ದಾಟಲಿಲ್ಲ. ಆದರೆ ದೊಡ್ಡ ಬಹುಮತದಿಂದ ಗೆದ್ದನು. ಅಧ್ಯಕ್ಷನಾದಾಗಲೂ ಇಷ್ಟು ಸಂತೋಷವಾಗಿರಲಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡನು.

ಬಾಯಿಗೆ ಬಿದ್ದ ಬೀಗ

ಆಗ ಅಮೆರಿಕದಲ್ಲಿ ಗುಲಾಮರ ಸಂಖ್ಯೆ, ೧೮೩೦ರ ಜನಗಣತಿಯಂತೆ, ಇಪ್ಪತ್ತು ಲಕ್ಷ. ಮನುಷ್ಯರೆಲ್ಲರೂ ಸಮಾನರೆಂದು ಸಾರಿ ಹುಟ್ಟಿದ ದೇಶದ ರಾಜಧಾನಿಯಲ್ಲಿಯೇ ಮನುಷ್ಯರನ್ನು ಕೊಳ್ಳುವ, ಮಾರುವ ವ್ಯಾಪಾರ ನಡೆಯುತ್ತಿತ್ತು. ಇದನ್ನು ನಿಲ್ಲಿಸಿರೆಂದು ಉತ್ತರದ ಸಂಸ್ಥಾನಗಳಿಂದ ಅರ್ಜಿಗಳು ಬರತೊಡಗಿದವು. ಮೊದಮೊದಲು ಒಂದೆರಡು, ಆಮೇಲೆ ಕಂತೆ ಕಂತೆ. ರುಜು ಹಾಕಿದವರಲ್ಲಿ ಬಹಳ ಮಂದಿ ಹೆಂಗಸರು. ಮತ ಹಾಕುವ ಹಕ್ಕಿಲ್ಲದ ಅವರಿಗೆ ಸರಕಾರದ ಕಿವಿ ಮುಟ್ಟಲು ಇದ್ದ ದಾರಿ ಇದೊಂದೇ.

ದಕ್ಷಿಣದ ಗುಲಾಮ ಒಡೆಯರಿಗೆ ಈ ಕಾಗದಗಳ ಹೆಸರು ಕೇಳಿದರೆ ಮೈಯೆಲ್ಲ ಉರಿ. ಅರ್ಜಿ ಸಲ್ಲಿಸುವ ಹಕ್ಕನ್ನು ಸಂವಿಧಾನವೇ ಕೊಟ್ಟಿದೆ, ತೆಗೆದುಹಾಕುವಂತಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ೧೮೩೬ನೆಯ ಮೇ ೨೬ರಂದು ಸಭೆ ಒಂದು ಉಪಾಯ ಹೂಡಿತು. ಗುಲಾಮಗಿರಿಗೆ ಸಂಬಂಧಪಟ್ಟ ಯಾವ ಅರ್ಜಿ ಬಂದರೂ ಅದನ್ನು ಅಚ್ಚು ಹಾಕಿಸದೆ, ಯಾವ ಸಮಿತಿಗೂ ಕಳಿಸದೆ, ಚರ್ಚಿಸದೆ ಮೇಜಿನ ಮೇಲೆ ಇಟ್ಟುಬಿಡತಕ್ಕದ್ದು. ಅಂದರೆ ಅರ್ಜಿ ಬರಬಹುದು. ಆದರೆ ಅದನ್ನು ಯಾರೂ ಕೇಳಬಾರದು! ನಿರ್ಣಯಕ್ಕೆ ಪರವಾಗಿ ೧೧೭, ವಿರುದ್ಧವಾಗಿ ೬೮ ಮತಗಳು ಬಂದವು. ಜನರು ಇದನ್ನು ‘ಬಾಯಿಬೀಗದ ನಿಯಮ’ವೆಂದು ಕರೆದರು. ಮತಕ್ಕಾಗಿ ತನ್ನ ಹೆಸರನ್ನು ಕೂಗಿದಾಗ ಆಡಮ್ಸ್ ಎದ್ದು, ಈ ನಿರ್ಣಯ ಸಂವಿಧಾನಕ್ಕೂ ಸಭೆಯ ನಿಯಮಗಳಿಗೂ ಜನರ ಹಕ್ಕಿಗೂ ವಿರುದ್ಧವಾದದ್ದೆಂದು ಸಾರಿದನು. ‘ಕುಳಿತುಕೋ, ಕುಳಿತುಕೋ’ ಎಂಬ ಗದ್ದಲದಲ್ಲಿ ಆತನ ದನಿ ಮುಳುಗಿತು.

ಇಲ್ಲಿ ಒಂದು ವಿಷಯವನ್ನು ಮರೆಯಬಾರದು. ಆಡಮ್ಸ್ ಮೊದಲಿನಿಂದಲೂ ಗುಲಾಮಗಿರಿಯ ವಿರುದ್ಧ ಖಡ್ಗ ಹಿರಿದ ವೀರನಲ್ಲ. ಅದು ಪಾಪವೆಂದು ಆತ ಬಗೆದಿದ್ದನು. ದಿನಚರಿಯಲ್ಲಿ ಹಾಗೆ ಬರೆದೂ ಇದ್ದನು. ಆದರೆ ಮಂತ್ರಿಯಾಗಿದ್ದಾಗ, ಅಧ್ಯಕ್ಷನಾಗಿದ್ದಾಗ ಬಾಯಿ ಬಿಡಲಿಲ್ಲ. ಸಭೆಗೆ ಬಂದ ಮೊದಲ ತಿಂಗಳು ಇಂಥ ಹದಿನೈದು ಅರ್ಜಿಗಳನ್ನು ಮಂಡಿಸಿದಾಗಲೂ, ಅವುಗಳ ಬೇಡಿಕೆಗೆ ತನ್ನ ಒಪ್ಪಿಗೆಯಿಲ್ಲವೆಂದೇ ಹೇಳಿದ್ದನು. ಆತನನ್ನು ಕೆರಳಿಸಿದ್ದು ಬೀಗ. ಕೇಳಿದ್ದನ್ನು ಕೊಡದಿರುವುದು ಸರಕಾರದ ಇಷ್ಟ. ಕೇಳುವ ಬಾಯನ್ನೇ ಮುಚ್ಚುವುದೆಂದರೇನು? ಆ ಬೀಗದ ಮೇಲೆ ಏಟು ಹಾಕುತ್ತ ಹಾಕುತ್ತ, ಅದು ಯಾವ ಮನೆಯ ಬಾಗಿಲನ್ನು ಕಾಯುತ್ತಿದೆಯೆಂಬುದು ಆತನಿಗೆ ಸ್ಪಷ್ಟವಾಯಿತು.

ಅಂದಿನಿಂದ ಅರ್ಜಿಗಳನ್ನು ಮಂಡಿಸುವ ದಿನ ಬಂದರೆ ಸಭೆಗೆ ನಡುಕ. ಮುದುಕ ಕಂತೆಗಳನ್ನು ಮೇಜಿನ ಮೇಲೆ ಪೇರಿಸಿಕೊಂಡು ಒಂದೊಂದಾಗಿ ಎತ್ತಿ ಓದತೊಡಗುವನು. ಸಭಾಧ್ಯಕ್ಷ ತಡೆದರೆ ನಿಯಮದ ಪ್ರಶ್ನೆ ಎತ್ತುವನು. ಅದಕ್ಕೆ ಉತ್ತರ ಬಂದರೆ ಮೇಲ್ಮನವಿ. ಕುಳಿತುಕೊಳ್ಳೆಂದರೆ, ಕುಳಿತುಕೊಳ್ಳುವ ಮುನ್ನ ಅರ್ಜಿಯ ಅರ್ಧ ಸಾರವನ್ನು ಹೇಳಿಯೇ ಬಿಟ್ಟಿರುವನು.

೧೮೩೭ನೆಯ ಫೆಬ್ರವರಿ ೬ರ ಘಟನೆ ಪ್ರಸಿದ್ಧವಾದದ್ದು. ‘ಇಪ್ಪತ್ತೆರಡು ಮಂದಿ ಗುಲಾಮರಿಂದ ಬಂದದ್ದೆಂದು ಹೇಳುವ ಅರ್ಜಿಯೊಂದು ನನ್ನಲ್ಲಿದೆ, ಇದಕ್ಕೂ ಆ ನಿಯಮ ಅನ್ವಯಿಸುತ್ತದೆಯೆ?’ ಎಂದು ಆಡಮ್ಸ್ ಸಭಾಧ್ಯಕ್ಷನನ್ನು ಕೇಳಿದನು. ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಗುಲಾಮರ ಅರ್ಜಿಯೆ! ಈ ಮುದುಕನನ್ನು ಹೊರದೂಡಿರಿ, ಖಂಡನೆಯ ನಿರ್ಣಯ ತನ್ನಿರಿ, ನ್ಯಾಯಾಲಯಕ್ಕೆ ಎಳೆಯಿರಿ ಎಂಬ ಆರ್ಭಟ. ಬೆಂಕಿ ಚೆನ್ನಾಗಿ ಹೊತ್ತಿಕೊಳ್ಳಲು ಬಿಟ್ಟು ಆಡಮ್ಸ್ ಶಾಂತವಾಗಿ ಹೇಳಿದನು: ಅರ್ಜಿಯನ್ನು ತಾನು ಮಂಡಿಸಿಯೇ ಇಲ್ಲ, ಕೇಳಿದ್ದು ಪ್ರಶ್ನೆ ಮಾತ್ರ, ಅಲ್ಲದೆ ಆ ಅರ್ಜಿ ಬೇಡುತ್ತಿರುವುದು ಗುಲಾಮಗಿರಿಯ ವಿರುದ್ಧವಾಗಿ ಅಲ್ಲ, ಅದರ ಪರವಾಗಿ! ತನ್ನನ್ನು ಗೇಲಿ ಮಾಡಲು ಯಾರೋ ಕಳಿಸಿದ್ದ ಕಾಗದವೆಂದು ಆತನಿಗೆ ಸಂಶಯವಿತ್ತು. ಬೀಸಿದ ಬಲೆಯಲ್ಲಿ ಬೀಸಿದವರೇ ಬಿದ್ದರು.

ನಗೆಯ ಹಿಂದೆ ಗಂಭೀರವಾದ ವಾದವಿತ್ತು. ಅರ್ಜಿಯೆಂದರೆ ಪ್ರಾರ್ಥನೆ, ಪ್ರಾರ್ಥನೆ ಮಾಡಲು ಕುಲಗೋತ್ರ ಬೇಕೆ? ನಿರಂಕುಶ ಪ್ರಭುವಾದ ತುರ್ಕಿಯ ಸುಲ್ತಾನನೂ ಬೀದಿಯಲ್ಲಿ ಹೋಗುವಾಗ ಅತ್ಯಂತ ದೀನನ ಅಹವಾಲನ್ನು ತೆಗೆದುಕೊಳ್ಳಲೇಬೇಕು. ಸ್ವತಂತ್ರ ಪ್ರಜೆಗಳ ಈ ಸಭೆ ಸುಲ್ತಾನನಿಗಿಂತ ಕಡೆಯಾಯಿತೆ ಎಂಬುದು ಆತನ ಪ್ರಶ್ನೆ. ಸಭೆ ಆತನನ್ನು ಖಂಡಿಸಲಿಲ್ಲ. ಆದರೆ ಗುಲಾಮರಿಗೆ ಅರ್ಜಿ ಸಲ್ಲಿಸುವ ಹಕ್ಕಿಲ್ಲವೆಂದು ಠರಾವು ಮಾಡಿತು. ಮುಂದಿನ ವರ್ಷ, ಹೆಂಗಸರು ಅಡಿಗೆಮನೆ ಬಿಟ್ಟು ಅರ್ಜಿ ಬರೆಯುವುದು ಲಜ್ಜಾಸ್ಪದವೆಂದು ಒಬ್ಬ ಸದಸ್ಯ ಆಡಿದಾಗ ಆಡಮ್ಸ್ ದಿನಗಟ್ಟಲೆ ಉತ್ತರ ಕೊಟ್ಟನು. ಆತನ ತಾಯಿ ಅಬಿಗೇಲ್ ಎಂಬುದನ್ನು ಓದುಗರು ಮರೆತಿರಲಾರರು. ಅಂಚೆಯಲ್ಲಿ ಕೊಲೆಯ ಬೆದರಿಕೆಗಳು ಬರತೊಡಗಿದವು. ಮುದುಕ ಅವನ್ನು ಓದಿ, ಎಂದಿನಂತೆ ಸಭೆಗೆ ನಡೆದನು.

ಹತ್ತರವರೆಗೆ ಎಣಿಸಿದ ಪಂಡಿತ

ಈ ಹೋರಾಟದ ನಡುವೆ ಎಪ್ಪತ್ತಮೂರು ವರ್ಷದ ಆಡಮ್ಸನ ಮನೆಬಾಗಿಲಿಗೆ ಇನ್ನೊಂದು ಅಹವಾಲು ಬಂದಿತು.

೧೮೩೯ರಲ್ಲಿ ಆಫ್ರಿಕದ ಪಶ್ಚಿಮ ತೀರದಿಂದ ಕಳ್ಳತನದಲ್ಲಿ ಹಿಡಿದು ತಂದ ಐವತ್ತಮೂರು ಮಂದಿಯನ್ನು ಕ್ಯೂಬ ದ್ವೀಪದ ಹವಾನದಲ್ಲಿ ಕೊಂಡು, ‘ಆಮಿಸ್ಟಾಡ್’ ಎಂಬ ಹಡಗಿನಲ್ಲಿ ಸಾಗಿಸುತ್ತಿದ್ದರು. ಅವರಲ್ಲಿ ನಾಲ್ವರು ಮಕ್ಕಳು. ಸಿಂಕೆ ಎಂಬವನ ಮುಂದಾಳುತನದಲ್ಲಿ ಅವರು ಸರಪಳಿ ಕಳಚಿ ಬಂಡೆದ್ದರು. ಹಡಗಿನ ನಾಯಕ ಸತ್ತನು. ಬದುಕುಳಿದ ಇಬ್ಬರು ಸ್ಪೇನಿನ ಒಡೆಯರಿಗೆ, ಹಡಗನ್ನು ಸೂರ್ಯ ಹುಟ್ಟುವ ದಿಕ್ಕಿಗೆ, ಆಫ್ರಿಕದ ಕಡೆಗೆ ನಡೆಸಿರೆಂದು ಆಜ್ಞಾಪಿಸಿದರು. ಒಡೆಯರು ಹಗಲು ಪೂರ್ವಕ್ಕೆ ನಡೆಸಿ, ಇರುಳು ಮೆಲ್ಲನೆ ಉತ್ತರಕ್ಕೆ ತಿರುಗಿಸುತ್ತಿದ್ದರು. ಸುಮಾರು ಎರಡು ತಿಂಗಳು ಅಲೆದು ಹಡಗು ಅಮೆರಿಕದ ತೀರ ಸೇರಿತು. ಆಫ್ರಿಕನರು ಕನೆಕ್ಟಿಕಟ್ ಸಂಸ್ಥಾನದ ಸೆರೆಮನೆ ಸೇರಿದರು. ತನ್ನ ಪ್ರಜೆಗಳ ಸೊತ್ತನ್ನು ಒಪ್ಪಿಸೆಂದು ಸ್ಪೇನ್ ಕೇಳಿತು. ಅಧ್ಯಕ್ಷ ವ್ಯಾನ್ ಬ್ಯೂರನನ ಸರಕಾರ ಒಪ್ಪಿಸಲು ತುದಿಗಾಲಲ್ಲಿ ನಿಂತಿತ್ತು.

ಸೆರೆಯಾಳುಗಳ ಮಾತು ಯಾರಿಗೂ ತಿಳಿಯದು. ತಮ್ಮ ಕತೆಯನ್ನು ಅವರು ಹೇಳುವುದಾದರೂ ಹೇಗೆ? ಯೇಲ್ ಕಾಲೇಜಿನ ಭಾಷಾಪಂಡಿತ ಜೋಸೈಯ ಗಿಬ್ಸ್ ಸೆರೆಮನೆಗೆ ಹೋಗಿ ಅವರಿಂದ ಒಂದರಿಂದ ಹತ್ತರವರೆಗೆ ಎಣಿಸುವುದನ್ನು ಕಲಿತನು. ಅನಂತರ ನ್ಯೂಯಾರ್ಕಿನ ಬಂದರುಕಟ್ಟೆಗಳಲ್ಲಿ ಆ ಹತ್ತು ಶಬ್ದಗಳನ್ನು ಗಟ್ಟಿಯಾಗಿ ಹೇಳುತ್ತ ತಿರುಗಿದನು. ನೋಡಿದವರು ಹುಚ್ಚನೆಂದುಕೊಂಡಿರಬೇಕು. ಕೊನೆಗೊಮ್ಮೆ ಹಡಗೊಂದರಲ್ಲಿ ಕೆಲಸಕ್ಕಿದ್ದ ಜೇಮ್ಸ್ ಕೋವಿ ಎಂಬ ಆಫ್ರಿಕದ ತರುಣನಿಗೆ ಅದು ತನ್ನ ಮಾತೃಭಾಷೆಯಾದ ಮೆಂಡೆ ಎಂದು ಗೊತ್ತಾಯಿತು. ಮೂಕರಾಗಿದ್ದವರಿಗೆ ಬಾಯಿ ಬಂದಿತು. ಕ್ಯೂಬದಲ್ಲಿಯೇ ಹುಟ್ಟಿದ ಗುಲಾಮರೆಂದು ಒಡೆಯರು ತೋರಿಸಿದ್ದ ಕಾಗದಪತ್ರಗಳು ಸುಳ್ಳೆಂಬುದು ಬಯಲಾಯಿತು.

ಮೊಕದ್ದಮೆ ಮೇಲಿನ ನ್ಯಾಯಾಲಯಕ್ಕೆ ಬಂದಾಗ ಹಿತೈಷಿಗಳು ಆಡಮ್ಸನ ಮೊರೆಹೊಕ್ಕರು. ಆತ ಹಿಂಜರಿದನು. ಮುಪ್ಪು, ಮಂದವಾದ ಕಣ್ಣು, ಆ ನ್ಯಾಯಾಲಯದಲ್ಲಿ ನಿಂತು ವಾದಿಸಿ ಮೂವತ್ತು ವರ್ಷಗಳ ಮೇಲಾಗಿತ್ತು. ಒಂಬತ್ತು ನ್ಯಾಯಾಧೀಶರಲ್ಲಿ ಐವರು ಗುಲಾಮಗಿರಿಯಿದ್ದ ಸಂಸ್ಥಾನಗಳವರು. ಆದರೂ ಒಪ್ಪಿಕೊಂಡನು. ಸೆರೆಯಲ್ಲಿ ಇಂಗ್ಲಿಷ್ ಕಲಿತಿದ್ದ ಬಾಲಕನೊಬ್ಬ ಆತನಿಗೆ ಪತ್ರ ಬರೆದು, ತಮ್ಮ ತಪ್ಪೇನೆಂದು ನ್ಯಾಯಾಧೀಶರನ್ನು ಕೇಳುವಂತೆ ಬೇಡಿಕೊಂಡನು. ಅದೂ ಒಂದು ಅರ್ಜಿಯೇ ಅಲ್ಲವೆ?

೧೮೪೧ನೆಯ ಫೆಬ್ರವರಿ ೨೪ರಂದು ಮತ್ತು ಮಾರ್ಚ್ ೧ರಂದು, ಎರಡು ದಿನಗಳಲ್ಲಿ ಎಂಟು ಗಂಟೆಗಳಿಗೂ ಹೆಚ್ಚು ಕಾಲ ಆಡಮ್ಸ್ ವಾದಿಸಿದನು. ನ್ಯಾಯಾಲಯದ ಕಂಬದ ಮೇಲೆ ತೂಗುಹಾಕಿದ್ದ ಸ್ವಾತಂತ್ರ್ಯ ಘೋಷಣೆಯ ಪ್ರತಿಯತ್ತ ಕೈ ತೋರಿಸಿ, ಈ ಮನುಷ್ಯರ ಪಾಲಿಗೆ ತನಗೆ ತಿಳಿದ ಕಾನೂನು ಇದೊಂದೇ ಎಂದನು. ತನ್ನ ತಂದೆಯೂ ರುಜು ಹಾಕಿದ್ದ ಪತ್ರ ಅದು. ಮಾರ್ಚ್ ೯ರಂದು ತೀರ್ಪು ಬಂದಿತು: ಅವರು ಯಾರ ಸೊತ್ತೂ ಅಲ್ಲ; ಸ್ವತಂತ್ರರು. ಬದುಕುಳಿದಿದ್ದ ಮೂವತ್ತೈದು ಮಂದಿ ಆ ವರ್ಷದ ಕೊನೆಯಲ್ಲಿ, ದಾನಿಗಳ ಹಣದಿಂದ, ಸ್ವದೇಶಕ್ಕೆ ಹಡಗು ಹತ್ತಿದರು. ಹೊರಡುವ ಮುನ್ನ ಆಡಮ್ಸನಿಗೆ ಒಂದು ಬೈಬಲ್ಲನ್ನು ಕಾಣಿಕೆ ಕೊಟ್ಟರು.

ಬೀಗ ಮುರಿದ ದಿನ

ಸಭೆಯಲ್ಲಿ ಹಗೆ ಆರಿರಲಿಲ್ಲ. ೧೮೪೦ರಲ್ಲಿ ಬಾಯಿಬೀಗದ ನಿಯಮವನ್ನು ಸಭೆಯ ಶಾಶ್ವತ ನಿಯಮವನ್ನಾಗಿ ಮಾಡಿದರು. ೧೮೪೨ರ ಜನವರಿಯಲ್ಲಿ ಆಡಮ್ಸ್ ಇನ್ನೊಂದು ಅರ್ಜಿ ತಂದನು. ಹೇವರಿಲ್ ಎಂಬ ಊರಿನ ನಾಲ್ವತ್ತಾರು ಮಂದಿ, ಸಂಸ್ಥಾನಗಳ ಒಕ್ಕೂಟವನ್ನೇ ಮುರಿಯಿರೆಂದು ಕೇಳಿದ್ದರು. ಅದನ್ನು ಒಂದು ಸಮಿತಿಗೆ ಒಪ್ಪಿಸಿ, ಅದು ಏಕೆ ಕೂಡದೆಂಬುದಕ್ಕೆ ಉತ್ತರ ಕೊಡಿಸಿರೆಂದು ಆತನ ಸೂಚನೆ. ‘ರಾಜದ್ರೋಹ!’ ಎಂದು ವಿರೋಧಿಗಳು ಕೂಗಿದರು; ಖಂಡನೆಯ ನಿರ್ಣಯ ಮುಂದೆ ಬಂದಿತು. ಆಡಮ್ಸ್ ಎದ್ದು, ಸ್ವಾತಂತ್ರ್ಯ ಘೋಷಣೆಯ ಮೊದಲ ಭಾಗವನ್ನು ಓದಿರೆಂದು ಸಭೆಯ ಗುಮಾಸ್ತನಿಗೆ ಹೇಳಿದನು. ಸರಕಾರವನ್ನು ಬದಲಾಯಿಸುವ ಹಕ್ಕು ಜನರದೆಂಬ ಮಾತು ಅದರಲ್ಲಿಯೇ ಇತ್ತು! ಎರಡು ವಾರ ಆ ವಿಚಾರಣೆ ನಡೆಯಿತು. ತಪ್ಪಿತಸ್ಥನಾಗಿ ನಿಂತವನೇ ತಪ್ಪು ಹೊರಿಸುವವನಾದನು. ಫೆಬ್ರವರಿ ೭ರಂದು ೧೦೬ಕ್ಕೆ ೯೩ ಮತಗಳಿಂದ ನಿರ್ಣಯ ಬದಿಗೆ ಸರಿಯಿತು. ವಿರೋಧಿಗಳು ಉಸಿರು ಬಿಡುವುದರೊಳಗೆ ಮುದುಕ ಉಳಿದ ಅರ್ಜಿಗಳನ್ನು ಮಂಡಿಸಲು ತೊಡಗಿದನು.

ಒಂದೊಂದು ವರ್ಷವೂ ಬೀಗದ ಪರವಾದ ಮತಗಳು ಕರಗುತ್ತ ಬಂದವು. ೧೮೪೪ನೆಯ ಡಿಸೆಂಬರ್ ೩ರಂದು, ನಿಯಮವನ್ನು ತೆಗೆದುಹಾಕಬೇಕೆಂಬ ಆಡಮ್ಸನ ಸೂಚನೆಗೆ ಪರವಾಗಿ ೧೦೮, ವಿರುದ್ಧವಾಗಿ ೮೦ ಮತಗಳು ಬಂದವು. ಎಂಟು ವರ್ಷಗಳ ಮೇಲೆ ಬೀಗ ಮುರಿಯಿತು. ಅಂದಿನ ದಿನಚರಿಯಲ್ಲಿ ಆತ ದೇವರ ನಾಮವನ್ನು ಕೊಂಡಾಡಿ ಲೇಖನಿ ಕೆಳಗಿಟ್ಟನು. ಅದಕ್ಕೆ ಕೆಲವು ತಿಂಗಳ ಮೊದಲು ಕನೆಕ್ಟಿಕಟ್ಟಿನ ಅಭಿಮಾನಿಗಳು ದಂತದ ಊರುಗೋಲೊಂದನ್ನು ಆತನಿಗೆ ಕಳಿಸಿದ್ದರು. ನಿಯಮ ರದ್ದಾದ ದಿನಾಂಕವನ್ನು ಕೆತ್ತಿಸಲೆಂದು ಅದರಲ್ಲಿ ಜಾಗ ಬಿಟ್ಟಿದ್ದರು. ಸಾರ್ವಜನಿಕ ಸೇವೆಗೆ ಉಡುಗೊರೆ ಪಡೆಯಬಾರದೆಂಬುದು ಆತನ ವ್ರತ. ದಿನಾಂಕ ಕೆತ್ತಿಸಿದನು, ಕೋಲನ್ನು ಸರಕಾರದ ವಶಕ್ಕೆ ಒಪ್ಪಿಸಿದನು. ಅದು ಈಗ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ವಿಜ್ಞಾನದ ಅಭಿವೃದ್ಧಿಗೆಂದು ಇಂಗ್ಲಿಷ್ ದಾನಿಯೊಬ್ಬ ಬಿಟ್ಟುಹೋದ ಐದು ಲಕ್ಷ ಡಾಲರುಗಳಿಗೂ ಮೀರಿದ ಧನ ಪೋಲಾಗದಂತೆ ಕಾದು, ೧೮೪೬ರಲ್ಲಿ ಆ ಸಂಸ್ಥೆ ಹುಟ್ಟುವಂತೆ ಮಾಡಿದವರಲ್ಲಿ ಆಡಮ್ಸನೇ ಮುಖ್ಯ.

ಆತನಲ್ಲಿ ಕೊರತೆಗಳಿರಲಿಲ್ಲವೆ? ಇದ್ದವು. ಆತ ಮುಂಗೋಪಿ, ಕಟುಭಾಷಿ. ಗುಲಾಮರನ್ನು ಒಡನೆಯೇ ಬಿಡುಗಡೆ ಮಾಡಿರೆಂದು ಕೇಳಿದವರಿಗೆ ಆತನ ನಡೆ ತೀರ ನಿಧಾನವೆನ್ನಿಸುತ್ತಿತ್ತು. ೧೮೪೨ರ ಜುಲೈ ೪ರ ಅನಂತರ ಹುಟ್ಟುವ ಮಕ್ಕಳು ಮಾತ್ರ ಸ್ವತಂತ್ರರಾಗಲೆಂದು ೧೮೩೯ರಲ್ಲಿ ಆತ ಸೂಚಿಸಿದ್ದನು. ಅದನ್ನೂ ಸಭೆ ಕಿವಿಗೆ ಹಾಕಿಕೊಳ್ಳಲಿಲ್ಲ. ಅಧ್ಯಕ್ಷನಾಗಿದ್ದಾಗ ಕ್ರೀಕ್ ಬುಡಕಟ್ಟಿನವರ ಭೂಮಿ ಜಾರ್ಜಿಯ ಸಂಸ್ಥಾನದ ಪಾಲಾಗುವುದನ್ನು ತಡೆಯಲು ಆತನಿಂದ ಆಗಲಿಲ್ಲ. ಆದರೆ ವಯಸ್ಸಾದಂತೆಲ್ಲ ಹಿಡಿತ ಸಡಿಲವಾಗುವುದು ಲೋಕರೂಢಿ. ಈತನ ಹಿಡಿತ ಬಿಗಿಯಾಗುತ್ತ ಹೋಯಿತು. ಅದೇ ಈತನ ವೈಶಿಷ್ಟ್ಯ.

ಕೊನೆಯ ‘ಇಲ್ಲ’

೧೮೪೬ರ ನವೆಂಬರಿನಲ್ಲಿ ಆಡಮ್ಸನಿಗೆ ಪಾರ್ಶ್ವವಾಯು ಬಡಿಯಿತು. ನಾಲ್ಕು ತಿಂಗಳೊಳಗೆ ಚೇತರಿಸಿಕೊಂಡು ಸಭೆಗೆ ಬಂದಾಗ ಮಿತ್ರರೂ ಶತ್ರುಗಳೂ ಒಟ್ಟಾಗಿ ಎದ್ದು ನಿಂತರು.

೧೮೪೮ನೆಯ ಫೆಬ್ರವರಿ ೨೧, ಸೋಮವಾರ. ಮೆಕ್ಸಿಕೋ ದೇಶದ ಮೇಲಿನ ಯುದ್ಧದಲ್ಲಿ ಗೆದ್ದ ದಂಡನಾಯಕರಿಗೆ ಕೃತಜ್ಞತೆ ಸಲ್ಲಿಸುವ ನಿರ್ಣಯ ಮುಂದಿತ್ತು. ಆ ಯುದ್ಧ ಅನ್ಯಾಯದ್ದೆಂದು, ಗುಲಾಮಗಿರಿಯನ್ನು ಹಬ್ಬಿಸುವ ಹೂಟವೆಂದು ಆಡಮ್ಸನ ಮತ. ೧೮೪೬ರಲ್ಲಿ ಯುದ್ಧದ ಮಸೂದೆಗೆ ಪ್ರತಿನಿಧಿ ಸಭೆಯಲ್ಲಿ ವಿರೋಧವಾಗಿ ಬಂದ ಹದಿನಾಲ್ಕು ಮತಗಳಲ್ಲಿ ಆತನದೂ ಒಂದು. ಈಗಲೂ ಸ್ಫುಟವಾದ ದನಿಯಲ್ಲಿ ‘ಇಲ್ಲ’ ಎಂದನು. ಸ್ವಲ್ಪ ಹೊತ್ತಿನಲ್ಲಿ ಮಾತನಾಡಲೆಂದು ಏಳಲು ಯತ್ನಿಸಿ, ಮೇಜಿನ ಅಂಚನ್ನು ಹಿಡಿದು, ಹಾಗೆಯೇ ಕುಸಿದನು. ಆತನನ್ನು ಸಭಾಧ್ಯಕ್ಷನ ಕೊಠಡಿಗೆ ಒಯ್ದು ಮಲಗಿಸಿದರು. ಹಳೆಯ ಮಿತ್ರ ಹೆನ್ರಿ ಕ್ಲೇ ಬಂದು ಕೈ ಹಿಡಿದು ಕಣ್ಣೀರಿಟ್ಟನು. ಇದು ಭೂಮಿಯ ಮೇಲಿನ ಕೊನೆ, ತಾನು ತೃಪ್ತನಾಗಿದ್ದೇನೆ ಎಂಬರ್ಥದ ಮಾತನ್ನಾಡಿ ಆಡಮ್ಸ್ ಎಚ್ಚರ ತಪ್ಪಿದನು. ಫೆಬ್ರವರಿ ೨೩ರ ಸಂಜೆ, ಎಂಬತ್ತನೆಯ ವಯಸ್ಸಿನಲ್ಲಿ, ಅದೇ ಭವನದ ಸೂರಿನ ಕೆಳಗೆ ಪ್ರಾಣ ಹೋಯಿತು.

ಅಂತ್ಯಕ್ರಿಯೆಯ ಏರ್ಪಾಟಿಗೆ ಸಭೆ ನೇಮಿಸಿದ ಸಮಿತಿಯಲ್ಲಿ ಇಲಿನಾಯ್ ಸಂಸ್ಥಾನದಿಂದ ಮೊದಲ ಸಲ ಆರಿಸಿ ಬಂದ, ಆಗಿನ್ನೂ ಹೆಸರಾಗದ, ಎತ್ತರದ ಆಳೊಬ್ಬನಿದ್ದನು. ಆತನೇ ಅಬ್ರಹಾಂ ಲಿಂಕನ್. ಯುದ್ಧಕಾಲದಲ್ಲಿ ಸರಕಾರಕ್ಕೆ ಗುಲಾಮರನ್ನು ಬಿಡುಗಡೆ ಮಾಡುವ ಅಧಿಕಾರ ಬರುತ್ತದೆಂದು ಆಡಮ್ಸ್ ಸಭೆಯಲ್ಲಿ ವಾದಿಸಿದ್ದನು. ೧೮೬೩ನೆಯ ಜನವರಿ ೧ರಂದು ಲಿಂಕನ್ ಅಧ್ಯಕ್ಷನಾಗಿ ಹೊರಡಿಸಿದ ವಿಮೋಚನೆಯ ಘೋಷಣೆ ಅಂಥದೇ ತತ್ತ್ವದ ಮೇಲೆ ನಿಂತಿತು. ೧೮೬೫ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ಗುಲಾಮಗಿರಿ ನಿರ್ಮೂಲವಾಯಿತು.

ಕ್ವಿನ್ಸಿ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ತಂದೆ ತಾಯಿ ಹೆಂಡತಿಯರೊಡನೆ ಆತ ಮಲಗಿದ್ದಾನೆ. ಕ್ಯಾಪಿಟಲ್ ಭವನದ ಹಳೆಯ ಸಭಾಂಗಣ ಈಗ ಶಿಲಾಮೂರ್ತಿಗಳ ಮಂದಿರ. ಅದರ ನೆಲದಲ್ಲಿ ಒಂದು ಸಣ್ಣ ಲೋಹದ ಫಲಕವಿದೆ. ಅಲ್ಲಿ ಯಾವ ಸಿಂಹಾಸನವೂ ಇರಲಿಲ್ಲ. ಮುದುಕನೊಬ್ಬನ ಮೇಜು ಇತ್ತು. ಅದರ ಮೇಲೆ ಅರ್ಜಿಗಳಿದ್ದವು.